ಗೋದಾಮಿನ ಬಾಗಿಲು: ಚದರ ಅಡಿ ದರದ ಆಚೆಗಿನ ಲೆಕ್ಕ

ಮಳಿಗೆಯನ್ನೋ ಗೋದಾಮನ್ನೋ ಕಟ್ಟಿಸುವಾಗ ನಮ್ಮ ವರ್ತಕ ಬಾಂಧವರು ನಿವೇಶನ, ಅಡಿಪಾಯ, ಛಾವಣಿ, ವಿದ್ಯುತ್ ಸಂಪರ್ಕ ಮುಂತಾದವುಗಳ ಬಗ್ಗೆ ತಿಂಗಳುಗಟ್ಟಲೆ ಸಮಾಲೋಚಿಸುತ್ತಾರೆ. ಬಾಗಿಲಿನ ಮಾತು ಬರುವುದು ಕಟ್ಟಡದ ಕೆಲಸ ಮುಗಿಯುತ್ತಾ ಬಂದಾಗ. ಅಂದರೆ ಕೈಯಲ್ಲಿರುವ ಹಣವೂ ಮುಗಿಯುತ್ತಾ ಬಂದಾಗ. ಆಗ ಇಬ್ಬರು ಮೂವರು ಶಟರ್ ತಯಾರಕರಿಂದ ದರಪಟ್ಟಿ ತರಿಸಿ, ಚದರ ಅಡಿಗೆ ಯಾರ ದರ ಕಡಿಮೆಯೋ ಅವರಿಗೆ ಕೆಲಸ ಒಪ್ಪಿಸುವುದು ರೂಢಿ. ಈ ರೂಢಿಯ ಬೆಲೆ ಎಷ್ಟೆಂಬುದನ್ನು ನಾನು ಅರಿತದ್ದು ನನ್ನ ಕಕ್ಷಿದಾರರೊಬ್ಬರ ಅನುಭವದಿಂದ.

ಅವರು ಮಧ್ಯ ಕರ್ನಾಟಕದ ಎ.ಪಿ.ಎಂ.ಸಿ. ಪ್ರಾಂಗಣವೊಂದರಲ್ಲಿ ಅಡಿಕೆ ವ್ಯಾಪಾರಿಗಳು. ಹೊಸ ಗೋದಾಮಿಗೆ 14 ಅಡಿ ಅಗಲ, 11 ಅಡಿ ಎತ್ತರದ ಶಟರ್ ಬೇಕಾಗಿತ್ತು. ಬಂದ ಎರಡು ದರಪಟ್ಟಿಗಳ ನಡುವೆ 11,000 ರೂಪಾಯಿಗಳ ಅಂತರವಿತ್ತು. ಅವರು ಎರಡನ್ನೂ ನನ್ನ ಮೇಜಿನ ಮೇಲಿಟ್ಟು, "ಸಾರ್, ಯಾವುದಕ್ಕೆ ಹೇಳಲಿ?" ಎಂದು ಕೇಳಿದರು. ಕಡಿಮೆ ಮೊತ್ತದ ಪಟ್ಟಿಗೆ ಗುರುತು ಹಾಕಿಕೊಟ್ಟವನು ನಾನೇ. ಒಂದರಲ್ಲಿ ದಪ್ಪ ತಗಡು, ಇನ್ನೊಂದರಲ್ಲಿ ತೆಳು ತಗಡು ಎಂಬ ವ್ಯತ್ಯಾಸವನ್ನು ನಾನು ಓದಲೇ ಇಲ್ಲ.

ಎರಡನೆಯ ವರ್ಷ ಲಾರಿಯೊಂದು ಹಿಮ್ಮುಖವಾಗಿ ಬರುವಾಗ ಶಟರಿನ ಬಲಬದಿಯ ಗೈಡ್ ಚಾನೆಲ್‌ಗೆ ತಗುಲಿ ಅದು ಬಾಗಿತು. ಶಟರ್ ಮೇಲೆ ಕೆಳಗೆ ಓಡಾಡುತ್ತಿದ್ದುದರಿಂದ ದುರಸ್ತಿಯನ್ನು ಮುಂದೂಡಲಾಯಿತು. ಕೆಲವು ತಿಂಗಳ ಬಳಿಕ ಒಂದು ಮುಂಜಾನೆ ಏಳು ಚೀಲ ಅಡಿಕೆ ಕಾಣೆಯಾಗಿತ್ತು. ನಷ್ಟ ಎರಡು ಲಕ್ಷ ರೂಪಾಯಿಗಳಿಗೂ ಮಿಗಿಲು. ಬೀಗಗಳು ಹಾಕಿದ್ದಂತೆಯೇ ಇದ್ದವು. ಬಾಗಿದ ಬದಿಯಲ್ಲಿ ತೆಳು ಪಟ್ಟಿಗಳನ್ನು ಗೈಡಿನಿಂದ ಹೊರಕ್ಕೆ ಸರಿಸಿ, ಒಳಹೊಕ್ಕು, ಹೋಗುವಾಗ ಮತ್ತೆ ಕೂರಿಸಿ ಹೋಗಿದ್ದರು. ಕಳವಿನ ವಿಮೆ ಇತ್ತು. ಆದರೆ ಸರ್ವೇಯರರು ಕೇಳಿದ ಪ್ರಶ್ನೆ ಒಂದೇ: "ಬಲವಂತವಾಗಿ ಒಳನುಗ್ಗಿದ ಗುರುತು ಎಲ್ಲಿದೆ?" ಬಾಗಿದ ಗೈಡನ್ನು ತೋರಿಸಿದೆವು. ಆದರೆ ಆ ಬಾಗು ಹಿಂದಿನ ಮಾರ್ಚಿಯ ನಮ್ಮದೇ ದಾಸ್ತಾನು ತಪಾಸಣೆಯ ಛಾಯಾಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಪರಿಹಾರ ದೊರೆಯಲಿಲ್ಲ.

ಲೆಕ್ಕಪರಿಶೋಧಕನೊಬ್ಬ ಬಾಗಿಲಿನ ಬಗ್ಗೆ ಬರೆಯಲು ಹೊರಟಿರುವುದರ ಕಾರಣ ಇದು. ಅಂದಿನಿಂದ ಶಟರಿನ ದರಪಟ್ಟಿಗಳನ್ನು ಓದುವುದನ್ನು ಕಲಿತಿದ್ದೇನೆ. ಕಲಿತದ್ದನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಮೊದಲು ಮೂರು ಪ್ರಶ್ನೆಗಳು

ಹಿಂದಿನ ಪೇಟೆಯ ಅಂಗಡಿಗಳಿಗೆ ಹಲಗೆ ಬಾಗಿಲುಗಳಿರುತ್ತಿದ್ದವು. ಬೆಳಿಗ್ಗೆ ಒಂದೊಂದಾಗಿ ಹಲಗೆ ತೆಗೆದು ಒಳಗಿಡುವುದು, ರಾತ್ರಿ ಅದೇ ಕ್ರಮದಲ್ಲಿ ತೋಡಿಗೆ ಇಳಿಸಿ ಬೀಗ ಹಾಕುವುದು. ದಿನಕ್ಕೆ ಒಮ್ಮೆ ತೆರೆದು ಒಮ್ಮೆ ಮುಚ್ಚುವ ಅಂಗಡಿಗೆ ಆ ವ್ಯವಸ್ಥೆ ಸಾಕಾಗಿತ್ತು. ಆ ಸ್ಥಾನವನ್ನು ಈಗ ರೋಲಿಂಗ್ ಶಟರ್ ಪಡೆದಿದೆ. ಆದರೆ ಬಟ್ಟೆ ಅಂಗಡಿಗೂ, ಲಾರಿ ಬರುವ ಗೋದಾಮಿಗೂ, ಫೋರ್ಕ್‌ಲಿಫ್ಟ್ ಓಡಾಡುವ ಕಾರ್ಖಾನೆಗೂ ಒಂದೇ ಬಗೆಯ ಶಟರ್ ಹಾಕಿಸುವುದು ಸರಿಯಲ್ಲ. ತಯಾರಕರನ್ನು ಕರೆಸುವ ಮುನ್ನವೇ ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಒಂದು, ಈ ಬಾಗಿಲಿನ ಮೂಲಕ ಹಾದುಹೋಗುವ ಅತಿ ದೊಡ್ಡ ವಸ್ತು ಯಾವುದು? ಎರಡು, ದಿನಕ್ಕೆ ಎಷ್ಟು ಬಾರಿ, ಯಾರು ಇದನ್ನು ತೆರೆಯುತ್ತಾರೆ? ಮೂರು, ಮುಚ್ಚಿದ ಬಾಗಿಲಿನ ಹಿಂದೆ ಏನಿರುತ್ತದೆ, ಯಾರಿರುತ್ತಾರೆ? ಮುಂದಿನ ಎಲ್ಲ ನಿರ್ಧಾರಗಳೂ ಈ ಮೂರರಿಂದಲೇ ಹೊರಡುತ್ತವೆ.

ಅಳತೆ

ಲಾರಿ ಕಟ್ಟಡದ ಒಳಗೆ ಬರುವುದಾದರೆ ಅಳತೆಯನ್ನು ಊಹೆಗೆ ಬಿಡಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದ ಅಗಲ 2.6 ಮೀಟರ್ ಮೀರುವಂತಿಲ್ಲ. ಸರಕು ಸಾಗಣೆ ಲಾರಿಗಳ ಎತ್ತರದ ಮಿತಿಯನ್ನು 2020ರಲ್ಲಿ 3.8 ಮೀಟರ್‌ನಿಂದ 4 ಮೀಟರ್‌ಗೆ ಏರಿಸಲಾಯಿತು. 4 ಮೀಟರ್ ಎಂದರೆ 13 ಅಡಿಗೂ ಸ್ವಲ್ಪ ಹೆಚ್ಚು. ಹಳೆಯ ಲೆಕ್ಕದಲ್ಲಿ 12 ಅಡಿ ಎತ್ತರದ ಬಾಗಿಲು ಇಡಿಸಿದವರ ಗೋದಾಮಿಗೆ ಪೂರ್ಣ ಎತ್ತರದ ಲಾರಿ ಹೋಗಲಾರದು. ಅಗಲದಲ್ಲಿ ಎರಡೂ ಬದಿಗೆ ಕನ್ನಡಿಗೂ ಚಾಲಕನ ಅಂದಾಜಿಗೂ ತಲಾ ಎರಡಡಿಯಾದರೂ ಇರಲಿ. ಲಾರಿ ಹೊರಗೇ ನಿಂತು ಹಮಾಲರು ಚೀಲ ಹೊತ್ತು ತರುವುದಾದರೆ ಅಷ್ಟು ದೊಡ್ಡ ಬಾಗಿಲೇ ಅನಗತ್ಯ. ಎಂಟು ಅಡಿ ಅಗಲ, ಎಂಟು ಅಡಿ ಎತ್ತರದ ಬಾಗಿಲಿನಿಂದ ಖರ್ಚೂ ಉಳಿಯುತ್ತದೆ, ಅಪಾಯವೂ ತಗ್ಗುತ್ತದೆ.

ಬಾಗಿಲು ಸುತ್ತಿಕೊಳ್ಳುವ ಉರುಳೆಗೆ ಮೇಲ್ಭಾಗದಲ್ಲಿ ಜಾಗ ಬೇಕು. ಬಾಗಿಲಿನ ಎತ್ತರಕ್ಕೆ ತಕ್ಕಂತೆ ಇದು ಒಂದರಿಂದ ಎರಡು ಅಡಿ ಆಗಬಹುದು. ಲಿಂಟಲ್ ಹಾಕುವ ಮೊದಲೇ ಶಟರ್ ತಯಾರಕರೊಂದಿಗೆ ಮಾತನಾಡದಿದ್ದರೆ, ಉರುಳೆ ತೆರೆಯುವಿಕೆಯೊಳಗೆ ಇಳಿದು ಎತ್ತರದಲ್ಲಿ ಒಂದೂವರೆ ಅಡಿಯನ್ನು ನುಂಗಿಬಿಡುತ್ತದೆ. ಮುಂಭಾಗದ ನೆಲವೂ ಮುಖ್ಯ. ಇಳಿಜಾರು ಹೊರಮುಖವಾಗಿರಬೇಕು. ಇಲ್ಲವಾದರೆ ಎಷ್ಟು ಒಳ್ಳೆಯ ಶಟರ್ ಹಾಕಿಸಿದರೂ ಮಳೆನೀರು ಅದರ ಅಡಿಯಿಂದ ಒಳಬರುತ್ತದೆ.

ಮುಂಭಾಗದ ರಸ್ತೆ ಇಕ್ಕಟ್ಟಾಗಿದ್ದರೆ ಗೈಡ್ ಚಾನೆಲ್‌ಗಳ ಮುಂದೆ ನೆಲದಲ್ಲಿ ಕಾಂಕ್ರೀಟು ತುಂಬಿದ ಎರಡು ಕಬ್ಬಿಣದ ಕೊಳವೆ ಕಂಬಗಳನ್ನು ನೆಡಿಸಿರಿ. ಹಿಂದಕ್ಕೆ ಬರುವ ಲಾರಿ ಮೊದಲು ಕಂಬಕ್ಕೆ ತಗುಲುತ್ತದೆ. ನನ್ನ ಕಕ್ಷಿದಾರರ ಗೋದಾಮಿನಲ್ಲಿ ಇಂತಹ ಎರಡು ಕಂಬಗಳಿದ್ದಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕೈಯಿಂದಲೋ, ಸರಪಳಿಯಿಂದಲೋ, ಮೋಟಾರಿನಿಂದಲೋ?

ಲೋಹದ ರೋಲಿಂಗ್ ಶಟರುಗಳಿಗೆ ಐ.ಎಸ್. 6248 ಎಂಬ ಭಾರತೀಯ ಮಾನಕವಿದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ವಿನಿರ್ದೇಶನಗಳೂ ಇವೆ. ಇವು ಸರ್ಕಾರಿ ಕಟ್ಟಡಗಳಿಗೆ ಮಾತ್ರ ಎಂದು ಬದಿಗಿಡಬೇಕಾಗಿಲ್ಲ. ಖಾಸಗಿ ಖರೀದಿಗೂ ಒಳ್ಳೆಯ ಅಳತೆಗೋಲು ಆಗಬಲ್ಲವು.

ಕೈಯಿಂದ ಎತ್ತಿ ಇಳಿಸುವ, ಸ್ಪ್ರಿಂಗ್ ಬಲದಿಂದ ಸುತ್ತಿಕೊಳ್ಳುವ ಶಟರು ಬಾಲ್ ಬೇರಿಂಗ್ ಇಲ್ಲದೆ 8 ಚದರ ಮೀಟರ್‌ವರೆಗೆ, ಬಾಲ್ ಬೇರಿಂಗ್ ಸಹಿತ 12 ಚದರ ಮೀಟರ್‌ವರೆಗೆ ಸೂಕ್ತ. ಅಂದರೆ ಕ್ರಮವಾಗಿ ಸುಮಾರು 86 ಮತ್ತು 129 ಚದರ ಅಡಿ. ಅದಕ್ಕೂ ದೊಡ್ಡದಾದರೆ ಸರಪಳಿ ಅಥವಾ ಹಿಡಿಕೆಯಿಂದ ತಿರುಗಿಸುವ ಗೇರ್ ವ್ಯವಸ್ಥೆ ಬೇಕು. ಬಾಲ್ ಬೇರಿಂಗ್ ಇಲ್ಲದೆ 25, ಇದ್ದರೆ 35 ಚದರ ಮೀಟರ್‌ವರೆಗೆ ಅದು ನಡೆಯುತ್ತದೆ. 50 ಚದರ ಮೀಟರ್‌ವರೆಗಿನ ಇನ್ನೂ ದೊಡ್ಡ ಬಾಗಿಲುಗಳಿಗೆ ವಿದ್ಯುತ್ ಮೋಟಾರು. ನಮ್ಮ ಅಡಿಕೆ ಗೋದಾಮಿನ ಶಟರ್ 154 ಚದರ ಅಡಿ. ಕೈ ಶಟರಿನ ಮಿತಿಯನ್ನು ಅದು ಮೀರಿತ್ತು. ಆದರೂ ಕೈ ಶಟರನ್ನೇ ಹಾಕಲಾಗಿತ್ತು. ಪ್ರತಿದಿನ ಇಬ್ಬರು ಹಮಾಲರು ಬೆನ್ನುಕೊಟ್ಟು ಎತ್ತುತ್ತಿದ್ದರು.

ಸ್ಪ್ರಿಂಗ್ ಸವೆದ ಶಟರು ಕೈಜಾರಿ ಕೆಳಗೆ ಬೀಳುವುದು ಅಪರೂಪವಲ್ಲ. ಆದ್ದರಿಂದ ಅರ್ಧ ಎತ್ತಿದ ಶಟರಿನ ಅಡಿಯಲ್ಲಿ ನುಸುಳುವ ಅಭ್ಯಾಸವನ್ನು ಕೆಲಸಗಾರರಿಗೆ ಬಿಡಿಸಬೇಕು. ಮೋಟಾರು ಶಟರಾದರೆ ಬೀಳದಂತೆ ತಡೆಯುವ ಬ್ರೇಕ್ ಇರಬೇಕು, ವಿದ್ಯುತ್ ಹೋದಾಗ ತೆರೆಯಲು ಕೈ ಸರಪಳಿ ಇರಬೇಕು. ಬೇಸಿಗೆಯ ವಿದ್ಯುತ್ ಕಡಿತದಲ್ಲಿ ಲೋಡ್ ತುಂಬಿದ ಲಾರಿ ಒಳಗೇ ಸಿಲುಕಿದ ಮೇಲೆ ಈ ಸರಪಳಿಯ ನೆನಪಾದರೆ ಪ್ರಯೋಜನವಿಲ್ಲ.

ರೋಲಿಂಗ್ ಶಟರೊಂದೇ ಪರಿಹಾರವೂ ಅಲ್ಲ. ಈರುಳ್ಳಿ, ಆಲೂಗಡ್ಡೆಯಂತಹ ಗಾಳಿ ಬೇಕಾದ ಸರಕಿಗೆ ಸರಳಿನ ಶಟರ್ ಅಥವಾ ಕೊಲ್ಯಾಪ್ಸಿಬಲ್ ಗೇಟು ಉತ್ತಮ. ಮೇಲೆ ಜಾಗವಿಲ್ಲದ, ಪಕ್ಕದ ಗೋಡೆ ಉದ್ದವಾಗಿರುವ ಶೆಡ್ಡಿಗೆ ಚಕ್ರಗಳ ಮೇಲೆ ಪಕ್ಕಕ್ಕೆ ಜಾರುವ ಬಾಗಿಲು ಸರಿಹೋಗುತ್ತದೆ. ಶೀತಲಗೃಹಕ್ಕೆ ಉಷ್ಣ ನಿರೋಧಕ ತುಂಬಿದ ಫಲಕಗಳ ಬಾಗಿಲೇ ಬೇಕು. ಬರಿಯ ತಗಡಿನ ಶಟರ್ ಹಾಕಿದರೆ ಉಳಿಸಿದ ಹಣ ವಿದ್ಯುತ್ ಬಿಲ್ಲಿನಲ್ಲಿ ಹೋಗುತ್ತದೆ. ಆಹಾರ ಪದಾರ್ಥ ಇಡುವವರು ಒಂದು ವಿಷಯ ಗಮನಿಸಬೇಕು. 2011ರ ಆಹಾರ ಸುರಕ್ಷತಾ ಪರವಾನಗಿ ನಿಯಮಾವಳಿಯ 4ನೆಯ ಅನುಸೂಚಿಯ ಪ್ರಕಾರ ಇಲಿ, ಕೀಟಗಳು ಒಳಬಾರದಂತೆ ಕಟ್ಟಡ ಇರಬೇಕು. ಶಟರಿನ ಅಡಿಪಟ್ಟಿಗೂ ನೆಲಕ್ಕೂ ನಡುವೆ ಬಿಡುವಿಲ್ಲದಂತೆ ರಬ್ಬರ್ ಪಟ್ಟಿ ಹಾಕಿಸುವುದು ಸಣ್ಣ ಖರ್ಚು.

ತಗಡಿನ ದಪ್ಪ

ದರಪಟ್ಟಿಯಲ್ಲಿ "18 ಗೇಜ್", "20 ಗೇಜ್" ಎಂದಿರುತ್ತದೆ. ಗೇಜ್ ಸಂಖ್ಯೆ ಹೆಚ್ಚಾದಂತೆ ತಗಡು ತೆಳುವಾಗುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಗೇಜ್ ಪ್ರಕಾರ 18 ಎಂದರೆ ಸುಮಾರು 1.2 ಮಿ.ಮೀ., 20 ಎಂದರೆ 0.9 ಮಿ.ಮೀ., 22 ಎಂದರೆ 0.7 ಮಿ.ಮೀ. ಶಟರಿನ ಅಗಲ 3.5 ಮೀಟರ್‌ವರೆಗೆ, ಅಂದರೆ ಸುಮಾರು ಹನ್ನೊಂದೂವರೆ ಅಡಿಯವರೆಗೆ ಕನಿಷ್ಠ 0.9 ಮಿ.ಮೀ. ತಗಡು ಸಾಕು. ಅದಕ್ಕಿಂತ ಅಗಲವಾದರೆ 1.2 ಮಿ.ಮೀ. ದಪ್ಪದ್ದು ಬೇಕು. ಗೈಡ್ ಚಾನೆಲ್‌ನ ಆಳವೂ ಅದೇ ರೀತಿ: 3.5 ಮೀಟರ್‌ವರೆಗೆ 65 ಮಿ.ಮೀ., ಮೀರಿದರೆ 75 ಮಿ.ಮೀ. ಆಳ ಕಡಿಮೆಯಾದಷ್ಟೂ ಪಟ್ಟಿಗಳು ಗೈಡಿನಿಂದ ಜಾರಿ ಹೊರಬರುವುದು ಸುಲಭ.

ದಪ್ಪದ ವ್ಯತ್ಯಾಸ ಹಣಕ್ಕೆ ಹೇಗೆ ಪರಿವರ್ತನೆಯಾಗುತ್ತದೆ ನೋಡಿರಿ. ಒಂದು ಚದರ ಮೀಟರ್ ವಿಸ್ತಾರದ, 1 ಮಿ.ಮೀ. ದಪ್ಪದ ಉಕ್ಕಿನ ತಗಡಿನ ತೂಕ 7.85 ಕೆ.ಜಿ. 154 ಚದರ ಅಡಿ ಎಂದರೆ 14.3 ಚದರ ಮೀಟರ್. 1.2 ಮಿ.ಮೀ. ಬದಲು 0.9 ಮಿ.ಮೀ. ತಗಡು ಹಾಕಿದರೆ, ಪಟ್ಟಿಗಳ ಮಡಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಸುಮಾರು 34 ಕೆ.ಜಿ. ಉಕ್ಕು ಕಡಿಮೆಯಾಗುತ್ತದೆ. ಕಡಿಮೆ ದರಪಟ್ಟಿ ನೀಡಿದವರು ತಮ್ಮ ಲಾಭದಿಂದ ರಿಯಾಯಿತಿ ಕೊಟ್ಟಿರುವುದಿಲ್ಲ. ನಮ್ಮ ಬಾಗಿಲಿನ ಉಕ್ಕಿನಿಂದ ಕೊಟ್ಟಿರುತ್ತಾರೆ. ಆದ್ದರಿಂದ ಆದೇಶದಲ್ಲಿ ಗೇಜ್ ಬದಲು ಮಿ.ಮೀ. ಎಂದೇ ಬರೆಯಿಸಿರಿ. ಬಣ್ಣ ಬಳಿಯುವ ಮುನ್ನ ತಯಾರಕರ ಕಾರ್ಯಾಗಾರಕ್ಕೆ ಹೋಗಿ ಮೈಕ್ರೋಮೀಟರಿನಿಂದ ಎರಡು ಮೂರು ಪಟ್ಟಿಗಳ ದಪ್ಪ ಅಳೆಯಿರಿ. ಪಟ್ಟಿಗಳು ಅಕ್ಕಪಕ್ಕಕ್ಕೆ ಸರಿಯದಂತೆ ತುದಿಗಳಿಗೆ ಎಂಡ್ ಲಾಕ್ ಹಾಕಿದ್ದಾರೆಯೇ ಎಂಬುದನ್ನೂ ಆಗಲೇ ನೋಡಬಹುದು.

ಊರಿನ ಹವೆಯೂ ಲೆಕ್ಕಕ್ಕೆ ಬರಬೇಕು. ಮಂಗಳೂರು, ಕಾರವಾರದಂತಹ ಕರಾವಳಿ ಊರುಗಳಲ್ಲಿ ಉಪ್ಪಿನ ಗಾಳಿಗೆ ಬರಿಯ ಬಣ್ಣ ಬಳಿದ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಸತುವಿನ ಲೇಪನವಿರುವ ತಗಡನ್ನೇ ಕೇಳಬೇಕು. ಲೇಪನವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ. 120 ಗ್ರಾಂ ಲೇಪನಕ್ಕೂ 275 ಗ್ರಾಂ ಲೇಪನಕ್ಕೂ ಬಾಳಿಕೆಯಲ್ಲಿ ಬಹಳ ಅಂತರವಿದೆ. "ಜಿ.ಐ. ತಗಡು" ಎಂದಷ್ಟೇ ಬರೆದರೆ ಸಾಲದು.

ದರಪಟ್ಟಿಗಳನ್ನು ಹೋಲಿಸುವ ಬಗೆ

ಶಟರಿನ ದರ ಚದರ ಅಡಿಗೆ ಇಷ್ಟು ಎಂದಿರುತ್ತದೆ. ಆದರೆ ಯಾವ ಚದರ ಅಡಿ? ಕೆಲವರು ಬಾಗಿಲಿನ ತೆರೆಯುವಿಕೆಯನ್ನು ಮಾತ್ರ ಅಳೆಯುತ್ತಾರೆ. ಕೆಲವರು ಮೇಲೆ ಸುತ್ತಿಕೊಳ್ಳುವ ಭಾಗವನ್ನೂ, ಪಕ್ಕದ ಗೈಡಿನೊಳಗೆ ಹೋಗುವ ಭಾಗವನ್ನೂ ಸೇರಿಸುತ್ತಾರೆ. ಉದಾಹರಣೆಗಾಗಿ ಊಹಿಸಿದ ದರಗಳಲ್ಲಿ ನೋಡೋಣ. ತೆರೆಯುವಿಕೆ 10 ಅಡಿಗೆ 10 ಅಡಿ. ಮೊದಲನೆಯವರು 260 ರೂಪಾಯಿ ದರದಲ್ಲಿ 100 ಚದರ ಅಡಿಗೆ 26,000 ರೂಪಾಯಿ ಹೇಳುತ್ತಾರೆ. ಎರಡನೆಯವರ ದರ 230 ರೂಪಾಯಿ ಮಾತ್ರ. ಆದರೆ ಅವರ ಅಳತೆ ಅಗಲದಲ್ಲಿ ಅರ್ಧ ಅಡಿ, ಎತ್ತರದಲ್ಲಿ ಒಂದೂವರೆ ಅಡಿ ಹೆಚ್ಚು. ಹತ್ತೂವರೆ ಅಡಿಯನ್ನು ಹನ್ನೊಂದೂವರೆ ಅಡಿಯಿಂದ ಗುಣಿಸಿದರೆ 120.75 ಚದರ ಅಡಿ. ಮೊತ್ತ 27,772 ರೂಪಾಯಿ 50 ಪೈಸೆ. ಅಗ್ಗವೆಂದು ಕಂಡದ್ದೇ ದುಬಾರಿ.

ಆದ್ದರಿಂದ ಒಂದೇ ವಿವರಪಟ್ಟಿಯನ್ನು ನಾವೇ ಸಿದ್ಧಪಡಿಸಿ ಎಲ್ಲ ತಯಾರಕರಿಗೂ ಕೊಡಬೇಕು. ಅದರಲ್ಲಿ ತೆರೆಯುವಿಕೆಯ ಅಳತೆ, ತಗಡಿನ ದಪ್ಪ, ಗೈಡಿನ ಆಳ, ಮೇಲಿನ ಹೊದಿಕೆ, ಸ್ಪ್ರಿಂಗ್ ಅಥವಾ ಗೇರ್, ಬೇರಿಂಗ್, ಬೀಗದ ಕೊಂಡಿಗಳ ಸಂಖ್ಯೆ, ಪ್ರೈಮರ್ ಮತ್ತು ಬಣ್ಣ, ಸಾಗಣೆ, ಜೋಡಣೆ, ಜಿ.ಎಸ್.ಟಿ., ಖಾತರಿ ಅವಧಿ ಇವೆಲ್ಲ ಇರಲಿ. ಬರುವ ದರವನ್ನು "ಒಟ್ಟು ಜೋಡಿಸಿ ಕೊಟ್ಟ ಮೊತ್ತ" ಎಂದು ಮಾತ್ರ ಹೋಲಿಸಿರಿ.

ಮೋಟಾರಿನ ಖರ್ಚು ವಾಪಸು ಬರುವುದೇ?

ಇದಕ್ಕೆ ಉತ್ತರ ಎರಡನೆಯ ಪ್ರಶ್ನೆಯಲ್ಲಿದೆ: ದಿನಕ್ಕೆ ಎಷ್ಟು ಬಾರಿ ತೆರೆಯುತ್ತೀರಿ? ಮತ್ತೆ ಊಹಿಸಿದ ಅಂಕಿಗಳನ್ನೇ ಬಳಸೋಣ; ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು. ದೊಡ್ಡ ಕೈ ಶಟರನ್ನು ಒಂದು ಬಾರಿ ತೆರೆದು ಮುಚ್ಚಲು ಇಬ್ಬರಿಗೆ ಮೂರು ನಿಮಿಷ, ಅಂದರೆ ಆರು ಆಳು ನಿಮಿಷಗಳು. ಮೋಟಾರಾದರೆ ಒಬ್ಬರಿಗೆ ಒಂದು ನಿಮಿಷ. ಕೂಲಿ ಗಂಟೆಗೆ 60 ರೂಪಾಯಿ, ವರ್ಷಕ್ಕೆ 300 ಕೆಲಸದ ದಿನಗಳು. ಮೋಟಾರಿನ ಹೆಚ್ಚುವರಿ ಖರ್ಚು 40,000 ರೂಪಾಯಿ, ವಾರ್ಷಿಕ ನಿರ್ವಹಣೆ 4,000 ರೂಪಾಯಿ.

ದಿನಕ್ಕೆ 12 ಬಾರಿ ತೆರೆಯುವ ಕಾರ್ಖಾನೆಯಲ್ಲಿ ಕೈ ಶಟರಿಗೆ ವರ್ಷಕ್ಕೆ 360 ಗಂಟೆ, ಅಂದರೆ 21,600 ರೂಪಾಯಿ ಹೋಗುತ್ತದೆ. ಮೋಟಾರಿಗೆ 60 ಗಂಟೆ, 3,600 ರೂಪಾಯಿ. ಉಳಿತಾಯ 18,000 ರೂಪಾಯಿ. ನಿರ್ವಹಣೆ ಕಳೆದರೆ 14,000 ರೂಪಾಯಿ. ಹಾಕಿದ ಹಣ ಮೂರು ವರ್ಷದೊಳಗೆ ಹಿಂದಿರುಗುತ್ತದೆ. ದಿನಕ್ಕೆ ಎರಡೇ ಬಾರಿ ತೆರೆಯುವ ಗೋದಾಮಿನಲ್ಲಾದರೋ ಕೈ ಶಟರಿನ ಕೂಲಿ 3,600, ಮೋಟಾರಿನದು 600. ಉಳಿತಾಯ 3,000 ರೂಪಾಯಿ ಮಾತ್ರ. ನಿರ್ವಹಣೆಯ ಖರ್ಚೂ ಅದರಿಂದ ಹುಟ್ಟುವುದಿಲ್ಲ. ಒಂದೇ ಬಾಗಿಲು ಒಬ್ಬರಿಗೆ ಹೂಡಿಕೆ, ಇನ್ನೊಬ್ಬರಿಗೆ ಆಡಂಬರ. ಗೋದಾಮು ದೊಡ್ಡದಿದ್ದೂ ಬಳಕೆ ಕಡಿಮೆಯಿರುವವರಿಗೆ ಸರಪಳಿ ಗೇರ್ ಮಧ್ಯಮ ಮಾರ್ಗ.

ಜನರ ಓಡಾಟಕ್ಕೆ ಪಕ್ಕದಲ್ಲೊಂದು ಸಣ್ಣ ಬಾಗಿಲು ಇಡಿಸಿದರೆ ಶಟರಿನ ಮೇಲಿನ ಅರ್ಧ ಹೊರೆ ತಗ್ಗುತ್ತದೆ. ಆ ಸಣ್ಣ ಬಾಗಿಲಿಗೆ ಇನ್ನೂ ದೊಡ್ಡ ಪ್ರಯೋಜನವೊಂದಿದೆ.

ಬೆಂಕಿ ಬಿದ್ದಾಗ

2018ರ ಜನವರಿಯಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಬಾರೊಂದರಲ್ಲಿ ನಸುಕಿನಲ್ಲಿ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐವರು ಕೆಲಸಗಾರರು ಪ್ರಾಣ ಕಳೆದುಕೊಂಡರು. ವಹಿವಾಟು ಮುಗಿದ ಮೇಲೆ ಅಂಗಡಿಯಲ್ಲೋ ಗೋದಾಮಿನಲ್ಲೋ ಹುಡುಗರು ಮಲಗುವುದು ನಮ್ಮ ಪೇಟೆಗಳಲ್ಲಿ ಸಾಮಾನ್ಯ. ಮುಚ್ಚಿದ ಬಾಗಿಲಿನ ಹಿಂದೆ ಯಾರಿರುತ್ತಾರೆ ಎಂಬ ಮೂರನೆಯ ಪ್ರಶ್ನೆಯನ್ನು ಸುಮ್ಮನೆ ಸೇರಿಸಿದ್ದಲ್ಲ. ಹೊರಗಿನಿಂದ ಬೀಗ ಹಾಕಿದ ಶಟರನ್ನು ಒಳಗಿರುವವರು ತೆರೆಯಲಾರರು. ಕಾವಿಗೆ ಪಟ್ಟಿಗಳು ಹಿಗ್ಗಿ ಗೈಡಿನಲ್ಲಿ ಸಿಲುಕಿದರೆ ಹೊರಗಿರುವವರಿಗೂ ತೆರೆಯುವುದು ಕಷ್ಟ. ಮೋಟಾರು ಶಟರಾದರೆ ವಿದ್ಯುತ್ ಕಡಿತಗೊಂಡ ಕ್ಷಣವೇ ನಿಲ್ಲುತ್ತದೆ.

ರಾಷ್ಟ್ರೀಯ ಕಟ್ಟಡ ಸಂಹಿತೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನಿರ್ಗಮನ ದ್ವಾರ ಕನಿಷ್ಠ 1 ಮೀಟರ್ ಅಗಲ, 2 ಮೀಟರ್ ಎತ್ತರವಿರಬೇಕು, ಹೊರಕ್ಕೆ ತೆರೆಯಬೇಕು. ಮೇಲಕ್ಕೇರುವ ಅಥವಾ ಪಕ್ಕಕ್ಕೆ ಜಾರುವ ಬಾಗಿಲು ನಿರ್ಗಮನಕ್ಕೆ ಸಲ್ಲದು. ಅಂದರೆ ರೋಲಿಂಗ್ ಶಟರ್ ಎಷ್ಟೇ ದೊಡ್ಡದಿದ್ದರೂ ಅದು ಸರಕಿನ ಬಾಗಿಲೇ ಹೊರತು ಜನರ ಬಾಗಿಲಲ್ಲ. ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯಬಹುದಾದ, ಕೀಲಿನ ಮೇಲೆ ಹೊರಕ್ಕೆ ತಿರುಗುವ ಒಂದು ಬಾಗಿಲು, ಸಾಧ್ಯವಾದರೆ ಶಟರಿನ ಎದುರು ದಿಕ್ಕಿನಲ್ಲಿ, ಇರಲೇಬೇಕು. ಅದರ ಮುಂದೆ ಚೀಲಗಳ ನಿಟ್ಟು ಹಾಕಬಾರದು. ಇಡೀ ಕಟ್ಟಡದ ವೆಚ್ಚದಲ್ಲಿ ಈ ಬಾಗಿಲಿನ ಪಾಲು ಬಹಳ ಚಿಕ್ಕದು.

ವಿಮೆಯ ಷರತ್ತು

ಕಳವಿನ ವಿಮಾ ಪಾಲಿಸಿಗಳು ಸಾಮಾನ್ಯವಾಗಿ ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳವಿಗೆ ಮಾತ್ರ ರಕ್ಷಣೆ ನೀಡುತ್ತವೆ. ಹರ್‌ಚಂದ್ ರಾಯ್ ಚಂದನ್‌ಲಾಲ್ ಪ್ರಕರಣದಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನೇ ಪರಿಶೀಲಿಸಿತು. ಪಾಲಿಸಿ ಎಂಬುದು ಒಪ್ಪಂದ, ಅದರ ಷರತ್ತುಗಳನ್ನು ಇದ್ದಂತೆಯೇ ಓದಬೇಕು, ಷರತ್ತಿನಲ್ಲಿ ಬಲಪ್ರಯೋಗ ಎಂದಿದ್ದರೆ ಬಲಪ್ರಯೋಗ ನಡೆದಿರಲೇಬೇಕು ಎಂದು ತೀರ್ಮಾನಿಸಿ, ವಿಮಾ ಕಂಪನಿಯ ಪರ ತೀರ್ಪು ನೀಡಿತು. ಈ ತೀರ್ಪು ನಮ್ಮ ಕಕ್ಷಿದಾರರ ವಿಷಯದಲ್ಲೂ ಎದುರು ನಿಂತಿತು.

ಇದರಿಂದ ವರ್ತಕರು ತಿಳಿಯಬೇಕಾದದ್ದು ಇಷ್ಟು. ಗುರುತು ಬಿಡದೆ ತೆರೆದುಕೊಳ್ಳುವ ಬಾಗಿಲು ಎರಡು ಬಾರಿ ನಷ್ಟ ಉಂಟುಮಾಡುತ್ತದೆ; ಮೊದಲು ಸರಕು, ಆಮೇಲೆ ಪರಿಹಾರ. ಆದ್ದರಿಂದ ಎರಡೂ ಬದಿಗೆ ಬೀಗ, ಅಗಲ ಹೆಚ್ಚಿದ್ದರೆ ಮಧ್ಯದಲ್ಲೂ ಒಂದು ಬೀಗ ಹಾಕಬೇಕು. ಬೀಗದ ಕೈಗಳು ಯಾರ ಬಳಿ ಇವೆ ಎಂಬುದಕ್ಕೆ ಒಂದು ಪುಸ್ತಕವಿರಲಿ. ಕೆಲಸ ಬಿಟ್ಟುಹೋದ ನೌಕರನಿಂದ ಕೈ ವಾಪಸು ಪಡೆದರೂ ಬೀಗ ಬದಲಿಸಿರಿ. ಬಾಗಿದ ಗೈಡನ್ನು ಅದೇ ವಾರ ಸರಿಪಡಿಸಿ ಬಿಲ್ಲನ್ನು ಕಡತದಲ್ಲಿಡಿ. ಪಾಲಿಸಿ ಪಡೆಯುವಾಗ ಕಳವಿನ ಷರತ್ತನ್ನು ಓದಿ, ಸಾಮಾನ್ಯ ಕಳ್ಳತನಕ್ಕೂ ರಕ್ಷಣೆ ವಿಸ್ತರಿಸುವ ಅವಕಾಶವಿದೆಯೇ ಎಂದು ಲಿಖಿತವಾಗಿ ಕೇಳಿರಿ.

ತೆರಿಗೆಯ ಲೆಕ್ಕ

ಹೊಸ ಕಟ್ಟಡಕ್ಕೆ ಹಾಕಿಸಿದ ಶಟರು ಸಾಮಾನ್ಯವಾಗಿ ಕಟ್ಟಡದ ಭಾಗವೇ. ವಾಸಕ್ಕಲ್ಲದ ಕಟ್ಟಡಗಳಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಸವಕಳಿ ಶೇಕಡಾ 10. ಬಾಡಿಗೆ ಕಟ್ಟಡದಲ್ಲಿ ಬಾಡಿಗೆದಾರರೇ ಬಂಡವಾಳ ವೆಚ್ಚ ಮಾಡಿ ಹಾಕಿಸಿದ್ದರೂ ಸವಕಳಿ ಅವರಿಗೆ ಲಭ್ಯ. ಮಾಲೀಕರ ಲಿಖಿತ ಒಪ್ಪಿಗೆ ಮಾತ್ರ ಮೊದಲೇ ಪಡೆದಿರಲಿ. ಹಳೆಯ ಶಟರಿನ ಸ್ಪ್ರಿಂಗ್, ಕೆಲವು ಪಟ್ಟಿಗಳು, ಗೈಡ್ ಇವುಗಳನ್ನು ಬದಲಿಸಿದ್ದು ದುರಸ್ತಿ ವೆಚ್ಚ. ಅದನ್ನು ಆ ವರ್ಷದ ಲಾಭದಿಂದಲೇ ಪೂರ್ತಿ ಕಳೆಯಬಹುದು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವುದು ದುರಸ್ತಿ, ಹೊಸ ಆಸ್ತಿಯನ್ನು ತರುವುದು ದುರಸ್ತಿಯಲ್ಲ ಎಂಬ ಗೆರೆಯನ್ನು ಸರ್ವೋಚ್ಚ ನ್ಯಾಯಾಲಯ 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ತೀರ್ಪಿನಲ್ಲಿ ಎಳೆದಿದೆ. ಆದ್ದರಿಂದ ಕೈ ಶಟರ್ ತೆಗೆದು ಮೋಟಾರು ಶಟರ್ ಹಾಕಿಸಿ ಅದನ್ನು ದುರಸ್ತಿ ಎಂದು ಬರೆಯುವುದು ಜಾಣತನವಲ್ಲ.

ಜಿ.ಎಸ್.ಟಿ.ಯಲ್ಲಿ ಈ ವಿಂಗಡಣೆ ಇನ್ನಷ್ಟು ಮುಖ್ಯ. ಉಕ್ಕಿನ ಶಟರಿಗೆ ತೆರಿಗೆ ಶೇಕಡಾ 18. ಅಂದರೆ 60,000 ರೂಪಾಯಿಯ ಶಟರಿಗೆ 10,800 ರೂಪಾಯಿ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮು ಸ್ವಂತ ಸ್ಥಿರಾಸ್ತಿಯ ನಿರ್ಮಾಣಕ್ಕೆ ತಗಲುವ ತೆರಿಗೆಯ ಹುಟ್ಟುವಳಿ ಜಮೆಯನ್ನು ತಡೆಯುತ್ತದೆ. ನಿರ್ಮಾಣ ಎಂಬುದರಲ್ಲಿ ನವೀಕರಣ, ದುರಸ್ತಿಗಳೂ ಸೇರಿವೆ. ಆದರೆ ಅವುಗಳನ್ನು ಬಂಡವಾಳವಾಗಿ ಲೆಕ್ಕಕ್ಕೆ ತೆಗೆದುಕೊಂಡ ಮಟ್ಟಿಗೆ ಮಾತ್ರ. ಸರಳವಾಗಿ ಹೇಳುವುದಾದರೆ, ಹೊಸ ಗೋದಾಮಿನ ಶಟರಿನ ಮೇಲಿನ ತೆರಿಗೆ ಜಮೆಯಾಗುವುದಿಲ್ಲ, ಅದು ಆಸ್ತಿಯ ಬೆಲೆಗೇ ಸೇರುತ್ತದೆ. ನಿಜವಾದ ದುರಸ್ತಿಯನ್ನು ಖರ್ಚಾಗಿ ಬರೆದರೆ ಜಮೆ ಸಿಗುತ್ತದೆ. ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ 2024ರ ಅಕ್ಟೋಬರಿನಲ್ಲಿ ಬಂದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಕೆಲವರಿಗೆ ಆಸೆ ಮೂಡಿತ್ತು. ಆದರೆ 2025ರ ಹಣಕಾಸು ಕಾಯ್ದೆಯ ಮೂಲಕ ಕಲಮಿನ ಪದಗಳನ್ನು 2017ರ ಜುಲೈ 1ರಿಂದ ಪೂರ್ವಾನ್ವಯವಾಗುವಂತೆ ತಿದ್ದಲಾಗಿದೆ. ರಾಜಿ ತೆರಿಗೆ ಯೋಜನೆಯಲ್ಲಿರುವ ಸಣ್ಣ ವರ್ತಕರಿಗೆ ಹೇಗೂ ಜಮೆಯಿಲ್ಲ. ಹೀಗಾಗಿ ದರಪಟ್ಟಿಗಳನ್ನು ಹೋಲಿಸುವಾಗ ಹೊಸ ಕಟ್ಟಡದವರು ತೆರಿಗೆ ಸೇರಿಸಿಯೇ ಹೋಲಿಸಬೇಕು. "ಬಿಲ್ಲಿಲ್ಲದೆ ಕೊಟ್ಟರೆ ಕಡಿಮೆ ಮಾಡುತ್ತೇವೆ" ಎಂಬ ಮಾತಿಗೆ ಒಲಿಯುವವರು, ಸವಕಳಿಯನ್ನೂ, ಖಾತರಿಯನ್ನೂ, ವಿಮೆಯ ಸಮಯದಲ್ಲಿ ತೋರಿಸಬೇಕಾದ ದಾಖಲೆಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ಕೊನೆಯದಾಗಿ

ನಮ್ಮ ಅಡಿಕೆ ವರ್ತಕರು ಮರುವರ್ಷ ಆ ಶಟರನ್ನು ತೆಗೆಸಿದರು. 1.2 ಮಿ.ಮೀ. ತಗಡು, ಸರಪಳಿ ಗೇರ್, 75 ಮಿ.ಮೀ. ಗೈಡ್, ಮೂರು ಬೀಗ, ಮುಂದೆ ಎರಡು ಕಂಬ, ಹಿಂಗೋಡೆಯಲ್ಲಿ ಹೊರಕ್ಕೆ ತೆರೆಯುವ ಒಂದು ಬಾಗಿಲು ಹಾಕಿಸಿದರು. ದರಪಟ್ಟಿಗಳನ್ನು ಈ ಬಾರಿಯೂ ನನ್ನ ಮೇಜಿನ ಮೇಲಿಟ್ಟರು. ಈ ಬಾರಿ ನಾನು ಕೊನೆಯ ಸಾಲಿನ ಮೊತ್ತವನ್ನು ಬೆರಳಿನಿಂದ ಮುಚ್ಚಿಕೊಂಡು ಮೇಲಿನ ಸಾಲುಗಳನ್ನು ಮೊದಲು ಓದಿದೆ. ಸದಸ್ಯರು ತಮ್ಮ ಮುಂದಿನ ಶಟರಿಗೆ ಆದೇಶ ಕೊಡುವ ಮೊದಲು ಹೀಗೆಯೇ ಮಾಡಲಿ ಎಂಬುದು ನನ್ನ ವಿನಂತಿ. ಈಗಾಗಲೇ ಶಟರ್ ಹಾಕಿಸಿರುವವರು ಇಂದು ಸಂಜೆ ಬೀಗ ಹಾಕುವಾಗ ಎರಡು ನಿಮಿಷ ನಿಂತು, ಎರಡೂ ಬದಿಯ ಗೈಡುಗಳನ್ನು ನೋಡಿ, ಪಟ್ಟಿಗಳನ್ನು ಕೈಯಿಂದ ಒತ್ತಿ ಪರೀಕ್ಷಿಸಲಿ. ಸಡಿಲವಾಗಿ ಕಂಡರೆ ನಾಳೆಯೇ ಕೆಲಸಗಾರರನ್ನು ಕರೆಸಲಿ.